ಮೊದಲು ಫೋಟೋ, ಆಮೇಲೆ ಪೆಟ್ಟು

ನಮ್ಮ ಅತ್ತೆಯವರು ಒಂದು ಸೊಳ್ಳೆಯನ್ನೂ ಅದರ ಹೆಸರು, ಕುಲ ವಿಚಾರಿಸದೆ ಕೊಲ್ಲುವವರಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿದ್ದೇನೋ, ದೂರಾಗಿ ಹೇಳುತ್ತಿದ್ದೇನೋ ಎಂಬುದು ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೇ ತಿಳಿದಿಲ್ಲ. ನಾಲ್ಕು ಸೊಸೆಯರು ಸೇರಿದರೆ ಅತ್ತೆಯಂದಿರ ಮೇಲೆ ಎಂತೆಂಥ ದೂರು ಹೇಳುತ್ತಾರೆ! ಒಬ್ಬಳ ಅತ್ತೆಗೆ ಸಾರಿನ ಉಪ್ಪಿನದೇ ಚಿಂತೆ, ಇನ್ನೊಬ್ಬಳ ಅತ್ತೆಗೆ ಸೊಸೆ ಯಾರ ಜೊತೆ ಫೋನಿನಲ್ಲಿ ಮಾತಾಡಿದಳೆಂಬ ಚಿಂತೆ. ನನ್ನ ಸರದಿ ಬಂದಾಗ ಏನು ಹೇಳಲಿ? ‘ನಮ್ಮ ಅತ್ತೆ ನನ್ನ ಕೆನ್ನೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆಯಲು ಬಿಡುವುದಿಲ್ಲ’ ಎಂದರೆ ಯಾರಾದರೂ ನಂಬುತ್ತಾರೆಯೇ?

ನಂಬಲಿ, ಬಿಡಲಿ, ನಡೆದದ್ದು ಹೀಗೆ. ಒಂದು ದಿನ ಮಧ್ಯಾಹ್ನ ಬೆಟಗೇರಿಯ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈಗೆ ಜೋಳದ ಹಿಟ್ಟು. ಎಡಗೆನ್ನೆ ಚುರ್ ಎಂದಿತು. ಭುಜ ಎತ್ತಿ ಒರೆಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಬಾಗಿಲ ಕಡೆಯಿಂದ ಕೂಗು ಬಂತು.

“ಅಲ್ಲಾಡಬ್ಯಾಡ!”

ಹಾವು ಗೀವು ಬಂತೇನೋ ಎಂದು ಕಲ್ಲಾಗಿ ಕೂತೆ. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತ ನನ್ನ ಮುಖದ ಹತ್ತಿರ ಬಂದರು.

“ಅತ್ತೀ, ಕಡ್ಯಾಕತ್ತೈತ್ರಿ!”

“ಕಡೀಲಿ, ತಡಿ. ಹೊಟ್ಟಿ ತುಂಬಿದ್ರ ಫೋಟೋ ಚಲೋ ಬರತೈತಿ.”

ಹೆಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಸೊಳ್ಳೆ ಸಾವಕಾಶವಾಗಿ ಊಟ ಮುಗಿಸಿ, ಎದ್ದು ಹೋಯಿತು. ಅತ್ತೆ ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

“ನಿನ್ನ ಗಲ್ಲ ಭಾಳ ಛಂದ ಬಂದೈತಿ. ಸೊಳ್ಳಿನs ಮಸುಕಾಗೇತಿ.”

ಹನ್ನೊಂದು ವರ್ಷಗಳಲ್ಲಿ ಅತ್ತೆ ನನ್ನ ರೂಪದ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ!

ಈ ಹುಚ್ಚು ಹುಟ್ಟಿದ್ದು ಹೇಗೆಂದು ಹೇಳಬೇಕು. ಅತ್ತೆ ಮುಂಡರಗಿ ಕಡೆಯ ಒಂದು ಸರ್ಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದವರು. ಜ್ವರವೆಂದು ಬಂದವರ ಬೆರಳಿಗೆ ಸೂಜಿ ಚುಚ್ಚುವುದು, ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರುವುದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಮಲೇರಿಯಾ ಉಂಟೋ ಇಲ್ಲವೋ ನೋಡುವುದು, ಚೀಟಿ ಬರೆದು ಡಾಕ್ಟರಿಗೆ ಕಳಿಸುವುದು. ಮೂವತ್ತೆರಡು ವರ್ಷ ಇದೇ ಕೆಲಸ. ನಿವೃತ್ತಿಯಾಗಿ ಬೆಟಗೇರಿಗೆ ಬಂದ ಮೇಲೆ ಕೆಲವು ತಿಂಗಳು ಎಲ್ಲರಂತೆ ಹಪ್ಪಳ ಲಟ್ಟಿಸಿದರು, ಭಜನೆಗೆ ಹೋದರು, ಸಂಜೆ ಕಟ್ಟೆಯ ಮೇಲೆ ಕೂತು ಓಣಿಯವರ ಮಂಡಿನೋವು ಕೇಳಿದರು. ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ನನ್ನ ಗಂಡ ಗದಗಿನ ಒಂದು ಛಾಪಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಚ್ಚಾದ ಕಾಗದದ ಮೇಲೆ ಬಣ್ಣದ ಚುಕ್ಕಿ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಫೋನಿಗೆ ಸಿಕ್ಕಿಸುವ ಒಂದು ಪುಟ್ಟ ಭೂತಗನ್ನಡಿ ತಂದಿದ್ದರು. ಅದನ್ನು ಮೇಜಿನ ಮೇಲೆ ಇಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು. ಅತ್ತೆ ಅದನ್ನು ತಮ್ಮ ಫೋನಿಗೆ ಸಿಕ್ಕಿಸಿ, ಗೋಡೆಯ ಮೇಲೆ ಕೂತಿದ್ದ ಸೊಳ್ಳೆಯ ಹತ್ತಿರ ಹಿಡಿದರು.

“ಅಯ್ಯ! ಇದಕ್ಕ ಹಿಂಗ ಮಾರಿ ಐತೇನ!” ಎಂದು ಗೋಡೆಗೆ ಹಣೆ ತಾಗುವಷ್ಟು ಬಗ್ಗಿದರು. ಆಮೇಲೆ ನನ್ನ ಕಡೆ ತಿರುಗಿ, “ಮೂವತ್ತೆರಡ ವರ್ಷ ಕಳ್ಳ ಬಂದ ಹೋದ ಹೆಜ್ಜಿ ಅಷ್ಟ ನೋಡೀನಿ ನೋಡವ್ವಾ. ಕಳ್ಳನ ಮಾರಿ ನೋಡಿದ್ದು ಇವತ್ತ” ಎಂದರು.

ಅಂದಿನಿಂದ ಮನೆಯಲ್ಲಿ ಹೊಸ ಕಾಯಿದೆ ಜಾರಿಗೆ ಬಂತು. ಕೊಲ್ಲಬಾರದೆಂದೇನೂ ಇಲ್ಲ, ಗುರುತಿಲ್ಲದೆ ಕೊಲ್ಲಬಾರದು. ಮೊದಲು ಫೋಟೋ, ಆಮೇಲೆ ಪೆಟ್ಟು. ಮಲಗುವಾಗ ಎಲ್ಲರೂ ಸೊಳ್ಳೆಪರದೆಯ ಒಳಗೇ ಮಲಗಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಹಗಲು ಹೊತ್ತಿನಲ್ಲಿ ಗೋಡೆಯ ಮೇಲೆ ಸೊಳ್ಳೆ ಕಂಡರೆ ಕೈ ಎತ್ತುವ ಮೊದಲು ಅತ್ತೆಯನ್ನು ಕರೆಯಬೇಕು. ಅತ್ತೆ ಬರುವವರೆಗೆ ಸೊಳ್ಳೆಯೂ ಕಾಯಬೇಕು, ನಾವೂ ಕಾಯಬೇಕು. ಸೊಳ್ಳೆಗಳೇ ಹೆಚ್ಚು ತಾಳ್ಮೆಯಿಂದ ಕಾಯುತ್ತಿದ್ದವು.

ಹಾರಾಡುವ ಸೊಳ್ಳೆಯ ಫೋಟೋ ಬರುವುದಿಲ್ಲವೆಂದು ಅತ್ತೆ ಬೇಗ ಕಂಡುಕೊಂಡರು. ಅದಕ್ಕೊಂದು ಉಪಾಯ ಮಾಡಿದರು. ಚಹಾದ ಗ್ಲಾಸನ್ನು ಸೊಳ್ಳೆಯ ಮೇಲೆ ಬೋರಲು ಹಾಕಿ, ಕೆಳಗೆ ಹಳೆಯ ಲಗ್ನಪತ್ರಿಕೆ ತೂರಿಸಿ, ಸೊಳ್ಳೆಯನ್ನು ಒಂದು ಸಣ್ಣ ಡಬ್ಬಿಗೆ ಇಳಿಸಿ, ಡಬ್ಬಿಯನ್ನು ಐದು ನಿಮಿಷ ಫ್ರಿಜ್ಜಿನಲ್ಲಿ ಇಡುವುದು. ಥಂಡಿಗೆ ಸೊಳ್ಳೆ ಮಂಕಾಗಿ ಬೀಳುತ್ತದೆ. ಬಿಳಿ ಹಾಳೆಯ ಮೇಲೆ ಮಲಗಿಸಿ ಎಡ, ಬಲ, ಬೆನ್ನು, ಹೊಟ್ಟೆ ಎಲ್ಲ ಕಡೆಯಿಂದಲೂ ಫೋಟೋ ತೆಗೆಯಬಹುದು. ಉಪಾಯವೇನೋ ಚೆನ್ನಾಗಿತ್ತು. ಆದರೆ ಒಮ್ಮೆ ಮನೆಗೆ ಬಂದ ನೆಂಟರೊಬ್ಬರು ಊಟಕ್ಕೆ ಕೂತು, “ಉಪ್ಪಿನಕಾಯಿ ನಾನs ತಗೋತೀನಿ ಬಿಡವ್ವಾ” ಎಂದು ಫ್ರಿಜ್ಜಿಗೆ ಕೈ ಹಾಕಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ನಾಲ್ಕು ಸೊಳ್ಳೆ, ಅಂಗಾತ.

“ಇವು ಏನ್ರಿ?” ಎಂದು ಕೇಳಿದರು.

“ಮುಟ್ಟಬ್ಯಾಡ್ರಿ, ಇನ್ನs ಎರಡ ನಿಮಿಷ ಬೇಕು” ಎಂದರು ಅತ್ತೆ.

ಆ ನೆಂಟರು ಅಂದು ಮಜ್ಜಿಗೆಯನ್ನೂ ಮುಟ್ಟಲಿಲ್ಲ!

ಮನೆಯಲ್ಲಿ ಇದ್ದವರಿಗೆಲ್ಲ ಪಾಠವೂ ಶುರುವಾಯಿತು. ಕಂದು ಬಣ್ಣದ್ದು, ಗೋಡೆಗೆ ಸಮನಾಗಿ ಗೂನು ಬೆನ್ನು ಮಾಡಿಕೊಂಡು ಕೂತದ್ದು ಮೋರಿಯ ಸೊಳ್ಳೆ, ಕ್ಯೂಲೆಕ್ಸ್. ತಲೆ ತಗ್ಗಿಸಿ ಹಿಂಭಾಗ ಎತ್ತಿ, ಗೋಡೆಗೆ ಓರೆಯಾಗಿ ಮೊಳೆ ಹೊಡೆದಂತೆ ಕೂತದ್ದು ಅನಾಫಿಲಿಸ್, ಅತ್ತೆಯ ಮೂವತ್ತೆರಡು ವರ್ಷದ ವೈರಿ. ಕರಿಮೈ, ಕಾಲಿಗೆ ಬಿಳಿ ಬಳೆ ಹಾಕಿಕೊಂಡು ಹಗಲಲ್ಲೇ ಬಂದು ಕಡಿಯುವುದು ಈಡಿಸ್. ಅದರ ಬೆನ್ನು ದೊಡ್ಡದು ಮಾಡಿ ನೋಡಿದರೆ ಎರಡು ಕುಡುಗೋಲು ಎದುರುಬದುರು ಇಟ್ಟ ಹಾಗೆ ಬಿಳಿ ಗೀರು ಕಾಣುತ್ತವೆ.

“ಮತ್ತ ಗಂಡು ಹೆಣ್ಣು ಹೆಂಗ ಗೊತ್ತಾಗಬೇಕ್ರಿ?” ಎಂದು ನಾನೊಮ್ಮೆ ಕೇಳಿದೆ.

“ಪೊದಿ ಮೀಸಿ ಇದ್ದದ್ದು ಗಂಡು. ಪಾಪ, ಅದು ಕಡಿಯೂದಿಲ್ಲ, ಏನಿಲ್ಲ. ಮೀಸಿ ಇಟ್ಕೊಂಡು ಒಂದ ಮೂಲ್ಯಾಗ ಸುಮ್ನ ಕುಂತಿರತೈತಿ.”

ಮೂಲೆಯಲ್ಲಿ ಪೇಪರ್ ಓದುತ್ತ ಕೂತಿದ್ದ ನಮ್ಮ ಮಾವನವರು ಪೇಪರನ್ನು ಸ್ವಲ್ಪ ಮೇಲೆತ್ತಿ ಮೀಸೆ ಮುಚ್ಚಿಕೊಂಡರು.

ಹುಳಹುಪ್ಪಡಿಗಳ ಫೋಟೋ ಹಾಕಿದರೆ ತಿಳಿದವರು ಹೆಸರು ಹೇಳುವ ಒಂದು ಜಾಲತಾಣವನ್ನು ನನ್ನ ಗಂಡ ತೋರಿಸಿಕೊಟ್ಟರು. ಅತ್ತೆ ದಿನಕ್ಕೊಂದು ಫೋಟೋ ಹಾಕಿ ಉತ್ತರಕ್ಕೆ ಕಾಯತೊಡಗಿದರು. ಒಂದು ಬೆಳಿಗ್ಗೆ ಬಚ್ಚಲಿನ ಗೋಡೆಯ ಮೇಲೆ ಭಾರಿ ಗಾತ್ರದ್ದೊಂದು ಕೂತಿತ್ತು. ಕಾಲುಗಳೋ, ಮುರಿದ ಕೊಡೆಯ ಕಡ್ಡಿಗಳ ಹಾಗೆ ಉದ್ದುದ್ದ! ಅತ್ತೆ ಹಿಗ್ಗಿದ ಹಿಗ್ಗು ಹೇಳತೀರದು. ಇಂಥ ಸೊಳ್ಳೆಯನ್ನು ಗದಗ ಸೀಮೆಯಲ್ಲಿ ಯಾರೂ ನೋಡಿಲ್ಲವೆಂದು ಸುತ್ತಲ ಮನೆಗಳಿಗೆಲ್ಲ ಖಬರು ಕೊಟ್ಟರು. ಎಲ್ಲರೂ ಬಂದು ಬಚ್ಚಲಲ್ಲಿ ಪಾಳಿ ನಿಂತು ನೋಡಿ ಹೋದರು. ಸಂಜೆಗೆ ಜಾಲತಾಣದಲ್ಲಿ ಯಾರೋ ಒಂದೇ ಸಾಲು ಬರೆದಿದ್ದರು: ಇದು ಸೊಳ್ಳೆಯಲ್ಲ, ಸೊಳ್ಳೆಯ ಹಾಗೆ ಕಾಣುವ ಒಂದು ಬಡಪಾಯಿ ನೊಣ, ಯಾರನ್ನೂ ಕಡಿಯುವುದಿಲ್ಲ.

ಅತ್ತೆ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತ ತಾವಾಗಿಯೇ ಹೇಳಿದರು: “ಅವ್ರು ಹೇಳಿದ್ದು ಖರೆ ಐತಿ. ಮೂತಿ ನೋಡಬೇಕಿತ್ತು ನಾ. ಅದಕ್ಕ ಸೂಜೀನ ಇಲ್ಲ.”

“ಆಗ್ಲಿ ಬಿಡವ್ವಾ,” ಎಂದರು ನನ್ನ ಗಂಡ, “ನಮ್ಮ ಮನ್ಯಾಗ ಕಡೀಲಾರದ್ದು ಒಂದರ ಐತೆಲ್ಲ.”

ಹೆಸರು ಹಬ್ಬಿತು. ಬಳಗದವರೆಲ್ಲ ವಾಟ್ಸಾಪಿನಲ್ಲಿ ಸೊಳ್ಳೆ ಕಳಿಸತೊಡಗಿದರು. ಶಿರಹಟ್ಟಿಯಲ್ಲಿರುವ ಅತ್ತೆಯ ತಂಗಿ ಮೊದಲ ದಿನವೇ ತಮ್ಮ ಅಂಗೈಯ ಫೋಟೋ ಕಳಿಸಿದರು. ಅಂಗೈಯ ನಡುವೆ ಒಂದು ಕಪ್ಪು ಕಲೆ, ಒಂದಿಷ್ಟು ರಕ್ತ, ಒಂದು ಕಾಲು. ‘ಅಕ್ಕಾ, ಇದು ಯಾವುದು?’ ಎಂಬ ಪ್ರಶ್ನೆ ಬೇರೆ. ಅತ್ತೆ ತಕ್ಷಣ ಫೋನು ಮಾಡಿ ಅಂದರು: “ಲೇ, ಇದು ಫೋಟೋ ಅಲ್ಲ, ಪಂಚನಾಮಿ!”

ಚಳಿಗಾಲದಲ್ಲಿ ಮಾಗಡಿ ಕೆರೆಗೆ ದೂರದೇಶದ ಹಕ್ಕಿಗಳು ಬರುತ್ತವೆ. ಒಂದು ಭಾನುವಾರ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋದೆವು. ನೀರಿನ ಮೇಲೆ ಬಾತುಗಳ ಹಿಂಡು, ದಡದ ಮೇಲೆ ದುರ್ಬೀನು ಹಿಡಿದ ಮಂದಿ. ನಮ್ಮ ಅತ್ತೆ ಮಾತ್ರ ಇಲ್ಲ! ಹುಡುಕಿದರೆ ಕಾವಲುಗಾರನ ಕೋಣೆಯಲ್ಲಿ, ಅವನ ಅಂಗಿ ತೂಗುಹಾಕಿದ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹೊರಗೆ ಬಂದಾಗ, ಮೊಳದುದ್ದದ ಕ್ಯಾಮೆರಾ ಹೊತ್ತ ಒಬ್ಬರು ಇವರ ಕೈಯಲ್ಲಿದ್ದ ಫೋನು ನೋಡಿ ಆದರದಿಂದ ಕೇಳಿದರು.

“ಅಮ್ಮಾರ, ಎಷ್ಟ ಜಾತಿ ನೋಡಿದ್ರಿ?”

“ಎರಡು.”

“ಅಷ್ಟs ಏನ್ರಿ? ನಾ ಹದಿನಾಲ್ಕ ನೋಡಿದೆ.”

“ಅದರಾಗ ಕಡಿಯೂವು ಎಷ್ಟ ಅದಾವ?” ಎಂದರು ಅತ್ತೆ. ಪಾಪ, ಆತ ಇವತ್ತಿಗೂ ಲೆಕ್ಕ ಹಾಕುತ್ತಿರಬೇಕು.

ಆ ವರ್ಷದ ಕೊನೆಗೆ ಅತ್ತೆಯ ಹಟಕ್ಕೆ ನನ್ನ ಗಂಡ ಸೊಳ್ಳೆಗಳ ಒಂದು ಕ್ಯಾಲೆಂಡರ್ ಅಚ್ಚು ಹಾಕಿಸಿದರು. ಹನ್ನೆರಡು ತಿಂಗಳಿಗೆ ಹನ್ನೆರಡು ಜಾತಿ ಎಲ್ಲಿಂದ ತರುವುದು? ಸಿಕ್ಕಿದ್ದು ಆರು. ಒಂದೊಂದು ಸೊಳ್ಳೆಗೆ ಎರಡೆರಡು ತಿಂಗಳು. ಬಳಗಕ್ಕೆಲ್ಲ ಹಂಚಿದ್ದಾಯಿತು. ನಮ್ಮ ಮನೆಗೆ ಬಂದ ಪಕ್ಕದ ಮನೆಯ ಅಜ್ಜಿಯೊಬ್ಬರು ಗೋಡೆಯ ಮೇಲೆ ಕ್ಯಾಲೆಂಡರ್ ಕಂಡದ್ದೇ ರೂಢಿಯಂತೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕನ್ನಡಕ ಹಾಕಿಕೊಂಡ ಮೇಲೆ ಹೋಗಿ ಕೈ ತೊಳೆದುಕೊಂಡರು!

ಒಂದು ಕ್ಯಾಲೆಂಡರ್ ಲಕ್ಷ್ಮೇಶ್ವರದ ನನ್ನ ತವರಿಗೂ ಹೋಯಿತು. ಇಲ್ಲಿ ನಮ್ಮ ಅವ್ವನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವ್ವನಿಗೆ ಚೊಕ್ಕತನವೆಂದರೆ ಜೀವ. ನಲ್ಲಿಯ ನೀರು ವಾರಕ್ಕೊಮ್ಮೆ ಬಂದರೂ ಅವಳ ಹಿತ್ತಾಳೆಯ ಕೊಡಗಳಲ್ಲಿ ಮುಖ ಕಾಣುತ್ತದೆ. ನೀರು ತುಂಬಿಟ್ಟ ಬ್ಯಾರಲ್ಲುಗಳಿಗೆ ಒಗೆದ ಬಟ್ಟೆ ಕಟ್ಟಿ, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಅಂಥವಳ ಮನೆಗೆ ಸೊಳ್ಳೆಯ ಚಿತ್ರ ಹೋದರೆ ಏನಾಗಬೇಡ?

“ಬೀಗರು ಅಂದ್ರ ಹಬ್ಬಕ್ಕ ಸೀರಿ ಕೊಡತಾರ, ಬುಂದಿ ಕೊಡತಾರ. ನಿಮ್ಮ ಅತ್ತಿ ಸೊಳ್ಳಿ ಕೊಟ್ಟ ಕಳಿಸ್ಯಾರಲ್ಲ!” ಎಂದು ಫೋನಿನಲ್ಲಿ ನನ್ನನ್ನು ಬೈದಳು. ಕ್ಯಾಲೆಂಡರನ್ನು ಯಾರಿಗೂ ಕಾಣದಂತೆ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದಳು. ಅಷ್ಟರ ಮಟ್ಟಿಗೆ ಎಲ್ಲವೂ ನಗೆಯೇ ಆಗಿತ್ತು.

ನನ್ನ ತಮ್ಮನ ಹೆಂಡತಿಗೆ ಏಳು ತಿಂಗಳು ತುಂಬಿದಾಗ ಅವ್ವ ಕುಬಸದ ಕಾರ್ಯ ಇಟ್ಟುಕೊಂಡಳು. ಮಳೆಗಾಲ ಮುಗಿಯುತ್ತ ಬಂದಿತ್ತು. ನಾನೂ ಅತ್ತೆಯೂ ಬೆಳಗಿನ ಬಸ್ಸಿಗೆ ಹೋದೆವು. ಪಡಸಾಲೆಯ ತುಂಬ ಹೆಣ್ಣುಮಕ್ಕಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ತಲೆತುಂಬ ಹೂವು ಮುಡಿದು ಹುಡುಗಿ ಕುರ್ಚಿಯ ಮೇಲೆ ಕೂತಿದ್ದಳು. ಆರತಿಯ ಹಾಡು ನಡೆದಿತ್ತು. ಅತ್ತೆ ಫೋನು ತೆಗೆದು ಅವಳ ಮುಂದೆ ಬಂದು ನಿಂತರು. ಹುಡುಗಿ ನಾಚಿಕೊಂಡು ಸೆರಗು ಸರಿಮಾಡಿಕೊಂಡು ನಕ್ಕಳು.

“ಸ್ವಲ್ಪ ಈ ಕಡೆ ಸರಿಯವ್ವಾ,” ಎಂದರು ಅತ್ತೆ, “ನೀ ಅಡ್ಡ ಆಗೀದಿ.”

ಹಾಡು ಅರ್ಧಕ್ಕೆ ನಿಂತಿತು. ಒಂದಿಬ್ಬರು ಕಿಸಕ್ಕನೆ ನಕ್ಕರು. ನಾನು ಭೂಮಿಗೆ ಇಳಿದು ಹೋದೆ. ಅತ್ತೆ ಕುರ್ಚಿಯ ಹಿಂದಿನ ಗೋಡೆಯ ಫೋಟೋ ತೆಗೆದು, ಹಿಗ್ಗಿಸಿ ನೋಡಿದರು. ಅವರ ಮುಖ ನೋಡಿದ ಮೇಲೆ ನನಗೂ ನಗು ಬರಲಿಲ್ಲ.

“ಇದು ಈಡಿಸ್. ಡೆಂಗಿ ತರೂದು ಇದs,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. “ಭಾಳ ದೂರದಿಂದ ಹಾರಿ ಬರೂ ಸೊಳ್ಳಿ ಅಲ್ಲ ಇದು. ಈ ಮನ್ಯಾಗs ಎಲ್ಲೆರ ನಿಂತ ನೀರಾಗ ಹುಟ್ಟಾಕತ್ತೈತಿ. ಬಸರಿ ಇರೂ ಮನ್ಯಾಗ ಇದು ಇರಬಾರದು. ನೀರ ಎಲ್ಲಿ ತುಂಬಿ ಇಟ್ಟೀರಿ, ತೋರಸ್ರಿ.”

ಯಾರೂ ತೋರಿಸುವ ಮೊದಲೇ ಅತ್ತೆ ಹಿತ್ತಿಲಿಗೆ ಹೋಗಿ ಬ್ಯಾರಲ್ಲಿನ ಮೇಲಿನ ಕಲ್ಲು ಇಳಿಸಿದರು, ಮುಚ್ಚಳ ತೆಗೆದರು, ಬಟ್ಟೆ ಬಿಚ್ಚಿದರು. ತಿಳಿ ನೀರು, ಒಂದು ಹುಳವೂ ಇಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಹೂವಿನ ಕುಂಡ, ಒಳಕಲ್ಲಿನ ಕುಳಿ, ಕೊಡಗಳು, ಎಲ್ಲವನ್ನೂ ನೋಡಿದರು. ಎಲ್ಲವೂ ಬೆಳಗಿ ಇಟ್ಟ ಹಾಗೆ ಇದ್ದವು. ಅವ್ವ ಆರತಿಯ ತಟ್ಟೆ ಹಿಡಿದುಕೊಂಡೇ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಇಡೀ ಓಣಿಯ ಹೆಣ್ಣುಮಕ್ಕಳು.

“ಅಕ್ಕಾರ, ಹುಡುಗಿಗಿ ಆರತಿ ಮಾಡಾಕ ಬಂದೀರೋ, ನಮ್ಮ ಮನಿ ಝಡತಿ ಮಾಡಾಕ ಬಂದೀರೋ?”

“ಎಲ್ಲೋ ಐತ್ರಿ. ಇನ್ನ ಸ್ವಲ್ಪ...”

“ಹೊಲಸ ಮನಿ ಅಂತ ಮಂದಿ ಮುಂದ ಹೇಳಿದ್ರಿ. ಇನ್ನ ಏನ ಉಳದೈತ್ರಿ?”

ಅವ್ವನ ಕಣ್ಣಲ್ಲಿ ನೀರಿತ್ತು. ಅತ್ತೆ ಬ್ಯಾರಲ್ಲಿಗೆ ಬಟ್ಟೆ ಕಟ್ಟಿ, ಮುಚ್ಚಳವಿಟ್ಟು, ಕಲ್ಲನ್ನು ಮೊದಲು ಇದ್ದಲ್ಲಿಯೇ ಇಟ್ಟು, ಕೈ ಒರೆಸಿಕೊಂಡು ಒಳಗೆ ಬಂದರು. ಹುಡುಗಿಗೆ ಆರತಿ ಮಾಡಿ ಉಡಿ ತುಂಬಿದರು. ಊಟಕ್ಕೆ ಕೂತು ಎರಡು ತುತ್ತು ತಿಂದು ಎದ್ದರು.

ಬಸ್ಸಿನಲ್ಲಿ ನಾನೂ ಸಿಟ್ಟಿನಲ್ಲಿ ಕೇಳಿಬಿಟ್ಟೆ: “ಅಷ್ಟ ಮಂದಿ ಮುಂದ ಹೇಳಬೇಕಾಗಿತ್ತೇನ್ರಿ? ನಮ್ಮವ್ವನ ಮಾರಿ ನೋಡಿದ್ರೇನು?”

“ಇದ್ದದ್ದು ಹೇಳಿದೆ” ಎಂದರು ಅತ್ತೆ.

ಮನೆಗೆ ಬಂದ ಮೇಲೆ ಅವರು ಭೂತಗನ್ನಡಿಯನ್ನು ಬಿಚ್ಚಿ ಮೇಜಿನ ಖಾನೆಯಲ್ಲಿ ಇಟ್ಟರು. ಒಂದು ವಾರ ಕಳೆಯಿತು. ಫ್ರಿಜ್ಜಿನಲ್ಲಿ ಡಬ್ಬಿ ಇಲ್ಲ, ಗೋಡೆಯ ಹತ್ತಿರ ಅತ್ತೆ ಇಲ್ಲ. ಅವರ ಕಣ್ಣೆದುರಿಗೇ ಎರಡು ಸೊಳ್ಳೆಗಳನ್ನು ಫಟ್ ಫಟ್ ಎಂದು ಹೊಡೆದೆ. ಯಾಕೆಂದು ಕೇಳಲಿಲ್ಲ. ನನಗೆ ಖುಷಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಅವ್ವನೂ ಆ ಒಂದು ವಾರದಲ್ಲಿ ನನಗೆ ಒಮ್ಮೆಯೂ ಫೋನು ಮಾಡಲಿಲ್ಲ. ಎರಡು ಮನೆಗಳ ನಡುವೆ ನಾನೊಬ್ಬಳೇ ಯಾರ ಕಡೆ ಸೇರಬೇಕೆಂದು ತಿಳಿಯದೆ ಕೂತಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ಅತ್ತೆಯ ಫೋನು ರಿಂಗಾಯಿತು. ಅವ್ವ! ನನಗಲ್ಲ, ನೇರವಾಗಿ ಅತ್ತೆಗೇ ಮಾಡಿದ್ದಳು. ಅವಳ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು.

“ಅಕ್ಕಾರ, ಹುಡುಗಿಗಿ ಜ್ವರ ಬಂದಾವ್ರಿ. ನಿನ್ನೆಯಿಂದ ಮೈ ಕೆಂಡ ಆಗೇತಿ. ಕಣ್ಣ ಹಿಂದ ನೋವು ಅಂತ ಅಳಾಕತ್ತಾಳ. ಏನ್ ಮಾಡ್ಲಿರಿ?”

ಅತ್ತೆ ‘ನಾ ಅವತ್ತs ಹೇಳಿದ್ದೆ’ ಎನ್ನುತ್ತಾರೆಂದು ನಾನು ಕಾದು ನಿಂತೆ. ಅನ್ನಲಿಲ್ಲ.

“ಗುಳಿಗಿ ಏನರ ಕೊಟ್ಟೀರೇನು?”

“ಜ್ವರದ್ದೊಂದ ಕೊಟ್ಟೀನ್ರಿ.”

“ಕೇಳಲಾರದs ಮತ್ತ ಬ್ಯಾರೆ ಯಾವದೂ ಕೊಡಬ್ಯಾಡ್ರಿ. ಗುಟಕ ಗುಟಕ ನೀರ ಕುಡಿಸ್ರಿ. ಈಗಿಂದೀಗ ಗಾಡಿ ಮಾಡ್ಕೊಂಡು ಗದಗಕ್ಕ ಕರ್ಕೊಂಡ ಬರ್ರಿ. ದವಾಖಾನಿ ಬಾಗಲದಾಗ ನಾ ನಿಂತಿರತೀನಿ.”

ನಿಂತರು. ಗಾಡಿ ಬರುವ ಒಂದು ತಾಸು ಮೊದಲೇ ಹೋಗಿ ನಿಂತಿದ್ದರು. ರಕ್ತ ಪರೀಕ್ಷೆಯಾಯಿತು. ಡೆಂಗಿಯೇ. ಹುಡುಗಿಯನ್ನು ಸೇರಿಸಿಕೊಂಡರು. ರಕ್ತದಲ್ಲಿನ ಪ್ಲೇಟ್‌ಲೆಟ್ ದಿನದಿನಕ್ಕೆ ಇಳಿಯುತ್ತಿತ್ತು. ಹೊಟ್ಟೆಯಲ್ಲಿರುವ ಕೂಸಿನ ಮಾತು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅತ್ತೆ ಮನೆಗೆ ಬರಲೇ ಇಲ್ಲ. ಪರೀಕ್ಷೆಯ ಚೀಟಿ ಬಂದಾಗಲೆಲ್ಲ ಅವರೇ ಮೊದಲು ಓದುವರು, ಅವ್ವ ಅವರ ಮುಖ ಓದುವಳು.

ಎರಡನೆಯ ದಿನ ಬೆಳಿಗ್ಗೆ ಅತ್ತೆ ಅವ್ವನ ಮುಂದೆ ಕೈ ಚಾಚಿದರು. “ನಿಮ್ಮ ಮನಿ ಕೀಲಿಕೈ ಕೊಡ್ರಿ.”

ಅವ್ವ ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟಳು. ಅತ್ತೆ ನನ್ನ ತಮ್ಮನನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಸಂಜೆ ತಿರುಗಿ ಬಂದಾಗ ಅವರ ಸೀರೆಯ ತುಂಬ ಧೂಳು, ಜೇಡ. ಅವ್ವನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು.

“ಸಿಕ್ತು. ಫ್ರಿಜ್ಜಿನ ಹಿಂದ, ತಳದಾಗ ಒಂದ ತಟ್ಟಿ ಇರತೈತಿ. ಒಳಗಿನ ಬರ್ಫ ಕರಗಿದ ನೀರ ಅದರಾಗ ಬೀಳತೈತಿ. ಅದರ ತುಂಬ ಮರಿ ಹುಳ ಲುಕುಲುಕು ಅನ್ನಾಕತ್ತಿದ್ದವು. ಚೆಲ್ಲಿ, ತಿಕ್ಕಿ ತೊಳದ ಬಂದೀನಿ.”

“ನಾ ದಿನಾ ಫ್ರಿಜ್ ಒರಸ್ತೀನ್ರಿ ಅಕ್ಕಾರ!” ಎಂದು ಅವ್ವ ಅಳತೊಡಗಿದಳು.

“ನೀವು ಒರಸೂದು ಮುಂದಿಂದು. ಇದು ಹಿಂದ ಐತಿ. ನಮ್ಮ ಮನ್ಯಾಗಿಂದು ನಾನರ ಯಾವಾಗ ನೋಡೀನಿ? ಇನ್ನೊಂದ ಮಾತ ಕೇಳ್ರಿ. ಇದು ಮೋರಿ ನೀರಾಗ ಹುಟ್ಟೂ ಸೊಳ್ಳಿ ಅಲ್ಲ. ಇದಕ್ಕ ತಿಳಿ ನೀರs ಬೇಕು. ನಿಮ್ಮ ಮನಿ ಹೊಲಸ ಐತಿ ಅಂತ ಬಂದಿಲ್ಲ ಇದು, ಚೊಕ್ಕ ಐತಿ ಅಂತ ಬಂದೈತಿ.”

ಅವ್ವ ಅಳುತ್ತಿದ್ದವಳು ಮೂಗು ಒರೆಸಿಕೊಂಡು ಅತ್ತೆಯನ್ನೇ ನೋಡಿದಳು. ಮರುದಿನ ಹುಡುಗಿಯನ್ನು ನೋಡಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದ ಮೊದಲ ಮಾತು ಇದು: “ಏನ್ ಹೇಳ್ಲಿರಿ, ಸೊಳ್ಳಿನೂ ಅಂತಿಂಥಾದ್ದಲ್ಲ, ಭಾಳ ಚೊಕ್ಕ ಮನೀದು ಅಂತ!”

ಐದನೆಯ ದಿನ ಮಧ್ಯಾಹ್ನ ಪ್ಲೇಟ್‌ಲೆಟ್ ಏರತೊಡಗಿತು. ಡಾಕ್ಟರು ಕೂಸಿನ ಎದೆಬಡಿತ ನೋಡಿ, ಏನೂ ಚಿಂತೆಯಿಲ್ಲ ಎಂದರು. ಹುಡುಗಿ ಹಸಿವೆಯೆಂದು ಗಂಜಿ ಕೇಳಿದಳು. ನನ್ನ ತಮ್ಮ ಗೋಡೆಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿಕೊಂಡ. ಎಲ್ಲರಿಗೂ ಒಮ್ಮೆಲೇ ಮಾತು ಬಂದಿತ್ತು. ಅತ್ತೆ ಮಾತ್ರ ಕಾಣಲಿಲ್ಲ.

ಹೊರಗೆ ಪಡಸಾಲೆಯ ಕೊನೆಯ ಬೆಂಚಿನ ಮೇಲೆ ಒಬ್ಬರೇ ಕೂತು ಅಳುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ನಾನು ಅವರು ಅತ್ತದ್ದನ್ನು ನೋಡಿದವಳಲ್ಲ. ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ. ಅವ್ವ ಹೋದಳು.

“ಹುಡುಗಿ ಅರಾಮ ಆದ್ಲಲ್ರಿ ಅಕ್ಕಾರ. ಈಗ್ಯಾಕ ಅಳತೀರಿ?”

“ಅವತ್ತ ಹುಡುಕಲಾರದs ಬಂದಬಿಟ್ಟೆ ನಾ,” ಎಂದರು ಅತ್ತೆ. “ನೀವು ಬೈದ್ರಿ ಅಂತ ನನಗೂ ಸಿಟ್ಟ ಬಂತು. ನಾ ಹೇಳೂದು ಹೇಳೀನಿ, ಇನ್ನ ಇವರ ಹಣೆಬಾರ ಅಂತ ಬಸ್ ಹತ್ತಿದೆ. ಇಷ್ಟ ವರ್ಷ ದವಾಖಾನ್ಯಾಗ ಮಾಡಿದ್ದೂ ಅದನ್ನs. ಚೀಟಿ ಬರದ ಕಳಸೂದು. ಅದರ ಮ್ಯಾಲ ಹೆಸರ ಇರತಿತ್ತು, ಆ ಮನಷ್ಯಾ ಉಳದನೋ ಇಲ್ಲೋ ಅಂತ ಒಂದ ದಿನಾ ಹೋಗಿ ಕೇಳಲಿಲ್ಲ. ಹೆಸರ ಹೇಳಿದ್ರ ಮುಗೀತೇನ್ರಿ? ಈ ಹುಡುಗಿಗಿ ಹೆಚ್ಚುಕಮ್ಮಿ ಆಗಿದ್ರ ನಾ ಸರಿಯಾದ ಹೆಸರ ಹೇಳಿದ್ದೆ ಅಂತ ಯಾವ ಬಾಯಿಲೆ ಹೇಳ್ತಿದ್ದೆ?”

“ಬೈದಾಕಿ ನಾ,” ಎಂದಳು ಅವ್ವ. “ನೀವ್ಯಾಕ ಅಳೂದು?”

ಅವ್ವ ಪಕ್ಕದಲ್ಲಿ ಕೂತು ಅತ್ತೆಯ ತಲೆಯನ್ನೇ ನೋಡಿದಳು. ಐದು ದಿನ ಬಾಚಣಿಗೆ ಕಾಣದ ಆ ನರೆಗೂದಲು ಗಂಟುಗಂಟಾಗಿ ಹೆಗಲ ಮೇಲೆ ಬಿದ್ದಿತ್ತು.

“ತಿರಗ್ರಿ ಅತ್ತಾಗ,” ಎಂದಳು ಅವ್ವ, ಚೀಲದಿಂದ ಬಾಚಣಿಗೆ ತೆಗೆಯುತ್ತ.

“ಬ್ಯಾಡ್ರಿ, ಮಂದಿ ನೋಡ್ತಾರ.”

“ನೋಡ್ಲಿ ಬಿಡ್ರಿ.”

ಅತ್ತೆ ಸಣ್ಣ ಹುಡುಗಿಯ ಹಾಗೆ ಬೆನ್ನು ತಿರುಗಿಸಿ ಕೂತರು. ಅವ್ವ ಒಂದೊಂದೇ ಸಿಕ್ಕು ಬಿಡಿಸುತ್ತ, ನೋವಾದೀತೆಂದು ಬುಡದಲ್ಲಿ ಕೂದಲನ್ನು ಒತ್ತಿ ಹಿಡಿದು, ನಿಧಾನವಾಗಿ ಬಾಚಿ ಹೆರಳು ಹಾಕಿದಳು. ಕೊನೆಗೆ ತುದಿಗೆ ಕಟ್ಟಲು ಏನೂ ಸಿಗಲಿಲ್ಲ. ಅವ್ವ ತನ್ನ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ, ಅಂಚಿನಿಂದ ಒಂದು ಎಳೆ ಕಿತ್ತು, ಅದರಿಂದಲೇ ಹೆರಳಿಗೆ ಗಂಟು ಹಾಕಿದಳು.